ನಾಲ್ಕನೇ ಹಂತದ ಕ್ಯಾನ್ಸರ್: ಅಪ್ಪನನ್ನು ಓಡಾಡಿಸಬಹುದಾ?

ಪ್ರಶ್ನೆ: ಅಪ್ಪನಿಗೆ 63 ವರ್ಷ. ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ನಾಲ್ಕು ತಿಂಗಳಲ್ಲಿ ತೂಕ 58 ಕೆ.ಜಿ.ಯಿಂದ 50ಕ್ಕೆ ಇಳಿದಿದೆ. ಸುಸ್ತಾಗುತ್ತೆ ಅಂತ ಮಂಚದಿಂದ ಇಳಿಯಲು ಬಿಡುತ್ತಿಲ್ಲ. ನಂಜು ಅಂತ ಮೊಟ್ಟೆ, ಅವರೆಕಾಳು ನಿಲ್ಲಿಸಿ ಗಂಜಿ ಕೊಡುತ್ತಿದ್ದೇವೆ. ಅವರಿಗೋ ತೋಟಕ್ಕೆ ಹೋಗುವ ಆಸೆ. ಕಳಿಸಬಹುದಾ?
– ಮಾಲೂರಿನ ಓದುಗರು

ಉತ್ತರ: ಮೊದಲು ಅವರ ಡಾಕ್ಟರನ್ನು ಒಂದು ವಿಷಯ ಕೇಳಿ. ಕ್ಯಾನ್ಸರ್ ಮೂಳೆಗೆ ಹರಡಿದೆಯಾ? ಬೆನ್ನುಮೂಳೆಗೋ ತೊಡೆಮೂಳೆಗೋ ಹರಡಿದ್ದರೆ ಭಾರ ಎತ್ತುವಾಗ, ಬಗ್ಗುವಾಗ ಮೂಳೆ ಮುರಿಯಬಹುದು. ಹಾಗಂತ ವ್ಯಾಯಾಮವೇ ಬೇಡ ಅಂತಲ್ಲ. ಯಾವುದು ಮಾಡಬಹುದು ಅಂತ ಫಿಸಿಯೋಥೆರಪಿಸ್ಟ್ ತೋರಿಸಿಕೊಡುತ್ತಾರೆ. ಮೂಳೆಗೆ ತೊಂದರೆ ಇಲ್ಲ ಅಂದರೆ ಇವತ್ತೇ ಮಂಚದಿಂದ ಇಳಿಸಿ.

ಆರು ತಿಂಗಳಲ್ಲಿ ತೂಕ ಶೇ. 5ಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರುಗಳು ಅದನ್ನು ಕ್ಯಾಕೆಕ್ಸಿಯಾ ಎನ್ನುತ್ತಾರೆ. ನಿಮ್ಮ ತಂದೆಗೆ ಸುಮಾರು ಶೇ. 14 ಇಳಿದಿದೆ. ಇದು ಬರೀ ಊಟ ಕಮ್ಮಿಯಾಗಿ ಸಣ್ಣಗಾಗುವುದಲ್ಲ. ಕ್ಯಾನ್ಸರಿನಿಂದ ಮೈಯೊಳಗೆ ಉರಿಯೂತ ಶುರುವಾಗಿ ಸ್ನಾಯು ಕರಗುತ್ತದೆ, ಹಸಿವೂ ಸತ್ತುಹೋಗುತ್ತದೆ. ಹಾಗಾಗಿ ಎಷ್ಟೇ ತಿನ್ನಿಸಿದರೂ ಹಳೇ ತೂಕ ಪೂರ್ತಿ ಬರುವುದು ಕಷ್ಟ. ಅದರ ಮೇಲೆ ದಿನವಿಡೀ ಮಲಗಿಸಿದರೆ ಉಳಿದ ಸ್ನಾಯುವೂ ಹೋಗುತ್ತದೆ. ಊಟ, ಓಡಾಟ ಒಟ್ಟಿಗೆ ನಡೆಯಬೇಕು.

ನಾಲ್ಕನೇ ಹಂತ ಅಂದರೆ ಕ್ಯಾನ್ಸರ್ ಹರಡಿದೆ ಅಂತ. ಹೀಗೆ ಹರಡಿದ ಮೇಲೆ ವ್ಯಾಯಾಮ ಮಾಡಿಸುವುದೇ ಅಪಾಯ ಅಂತ ತುಂಬಾ ಜನ ಹೆದರುತ್ತಾರೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇರೆ ಅಂಗಗಳಿಗೆ ಹರಡಿದ ಸ್ತನ ಕ್ಯಾನ್ಸರಿನ 357 ಮಂದಿ ಇದ್ದರು. ಅವರಲ್ಲಿ ಒಂಬತ್ತು ತಿಂಗಳು ತರಬೇತುದಾರರ ಜೊತೆ ವ್ಯಾಯಾಮ ಮಾಡಿದವರಿಗೆ ಸುಸ್ತು ಕಡಿಮೆಯಿತ್ತು, ದಿನನಿತ್ಯದ ಬದುಕೂ ಸುಧಾರಿಸಿತು. ನಿಮ್ಮ ತಂದೆಯ ಕಾಯಿಲೆ ಬೇರೆ ನಿಜ. ಆದರೂ ಭಯ ಬಿಡಲು ಇಷ್ಟು ಸಾಕು ಅಲ್ವಾ?

ಕುರ್ಚಿಯಿಂದ ಶುರು ಮಾಡಿ. ಗೋಡೆಗೆ ಆನಿಸಿದ ಗಟ್ಟಿ ಕುರ್ಚಿ, ಪಕ್ಕದಲ್ಲಿ ನೀವು. ಬೆಳಿಗ್ಗೆ, ಸಂಜೆ ಐದೈದು ಸಲ ಎದ್ದು ಕೂರಲಿ. ಬಚ್ಚಲಿಗೆ ತಾವೇ ಹೋಗಿಬರುವಷ್ಟು ತೊಡೆಗೆ ಶಕ್ತಿ ಉಳಿಯಬೇಕು. ನಾನಾದರೆ ತೂಕಕ್ಕಿಂತ ಇದನ್ನೇ ನೋಡುತ್ತೇನೆ. ಆಮೇಲೆ ಮಾತಾಡಿಕೊಂಡು ನಡೆಯುವಷ್ಟು ನಿಧಾನಕ್ಕೆ ಮನೆ ಮುಂದೆ ನಾಲ್ಕು ಹೆಜ್ಜೆ. ತೋಟಕ್ಕೆ ಗಾಡಿಯಲ್ಲಿ ಕರೆದುಕೊಂಡು ಹೋಗಿ, ಅಲ್ಲಿ ನಡೆಯಲಿ. ಕೀಮೋ ನಡೆಯುತ್ತಿದ್ದರೆ ಮಣ್ಣು, ಗೊಬ್ಬರ ಮುಟ್ಟುವುದು ಬೇಡ, ಸೋಂಕಿನ ಭಯ ಇರುತ್ತದೆ. ಜ್ವರ, ಎದೆನೋವು, ಕೂತಲ್ಲೇ ಏದುಸಿರು, ಒಂದೇ ಕಾಲಿನ ಊತ ಕಂಡರೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಹೊಸದಾಗಿ ಬೆನ್ನುನೋವು ಬಂದು ಕಾಲಿನ ಶಕ್ತಿ ಹೋದರೆ, ಮೂತ್ರ ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಬೆನ್ನುಹುರಿ ಒತ್ತಿರಬಹುದು.

ಇನ್ನು ಗಂಜಿ. ಅದರ ಬಗ್ಗೆ ನನ್ನದು ದೊಡ್ಡ ತಕರಾರು. ತೆಳ್ಳಗಿನ ಗಂಜಿ ಸುಮ್ನೆ ಹೊಟ್ಟೆ ತುಂಬಿಸುತ್ತದೆ. ಯುರೋಪಿನ ಪೌಷ್ಟಿಕ ತಜ್ಞರ ಮಾರ್ಗಸೂಚಿ ಪ್ರಕಾರ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 25–30 ಕ್ಯಾಲೊರಿ, 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ನಿಮ್ಮ ತಂದೆಗೆ 50–75 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಮೊಟ್ಟೆ, ಅವರೆಕಾಳಿನಿಂದ ಕ್ಯಾನ್ಸರ್ ಹೆಚ್ಚುವುದಿಲ್ಲ. ಹಿತಕಿದ ಬೇಳೆ ಸಾರಿನ ಕಾಲದಲ್ಲಿ ಕೋಲಾರದವರೇ ಅದನ್ನು ಬಿಡೋದಾ? ಮುದ್ದೆ ಇಳಿಯದಿದ್ದರೆ ರಾಗಿ ಹಿಟ್ಟನ್ನು ನೀರಿನ ಬದಲು ಹಾಲಲ್ಲಿ ಕಾಸಿ, ಹುರಿಗಡಲೆ ಪುಡಿ ಕಲಸಿ ಕೊಡಿ. ಒಗ್ಗರಣೆ ವಾಸನೆಗೆ ವಾಕರಿಕೆ ಬಂದರೆ ಮೊಸರನ್ನ. ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಸಾಕು. ಶುಗರ್ ಇಲ್ಲದಿದ್ದರೆ ಬೆಲ್ಲಕ್ಕೂ ಹೆದರಬೇಡಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಪ್ರೋಟೀನ್ ಎಷ್ಟು ಅಂತ ಡಾಕ್ಟರೇ ಹೇಳಲಿ.

ಊಟ ಬೇಡ ಅಂದಾಗ ಗದರಬೇಡಿ, ಕಾರಣ ಹುಡುಕಿ. ಬಾಯಿ ಹುಣ್ಣಿರಬಹುದು, ನೋವಿರಬಹುದು, ಹೊಟ್ಟೆ ಕಟ್ಟಿರಬಹುದು. ಮಾರ್ಫಿನ್ ತಗೊಳ್ಳುವವರಿಗೆ ಮಲಬದ್ಧತೆ ತುಂಬಾ ಸಾಮಾನ್ಯ, ಅದಕ್ಕೂ ಔಷಧಿ ಕೇಳಿ. ರೋಗ ತೀರಾ ಮುಂದುವರಿದ ಮೇಲೆ ಬಲವಂತವಾಗಿ ತಿನ್ನಿಸಿದ್ದು ಮೈಗೆ ಹತ್ತುವುದಿಲ್ಲ, ಹಿಂಸೆಯಷ್ಟೇ. ಆಗ ಅವರು ಕೇಳಿದ್ದನ್ನು, ಕೇಳಿದಷ್ಟೇ ಕೊಡಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರಾದರೆ ಅಲ್ಲೇ ಉಪಶಮನ ಆರೈಕೆ (ಪ್ಯಾಲಿಯೇಟಿವ್ ಕೇರ್) ವಿಭಾಗ ಇದೆ. ಚಿಕಿತ್ಸೆಯೆಲ್ಲ ಮುಗಿದ ಮೇಲೆ ಹೋಗುವ ಜಾಗ ಅಂದುಕೊಂಡು ಮುಂದೂಡಬೇಡಿ. ಕೀಮೋ ನಡೆಯುವಾಗಲೂ ನೋವಿಗೆ, ವಾಕರಿಕೆಗೆ, ಊಟದ ತೊಂದರೆಗೆ ಅಲ್ಲಿ ತೋರಿಸಬಹುದು.