ಮ್ಯಾಥ್ಸ್ ಬೇಡ ಅಂತ ನ್ಯೂರೋಬಯಾಲಜಿಗೆ ಬರಬೇಡಿ

ಪಿಯುಸಿ ರಿಸಲ್ಟ್ ಬಂದ ವಾರವೇ ನನ್ನ ಕೋಣೆ ಮುಂದೆ ಅಪ್ಪ-ಮಕ್ಕಳು ಬಂದು ಕೂರುತ್ತಾರೆ. ಡಿಗ್ರಿ ಮಕ್ಕಳಿಗೆ ಫಿಸಿಯಾಲಜಿ ಪಾಠ ಮಾಡುವವನು ನಾನು. ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಮಾತು: "ಸಾರ್, ಇವನಿಗೆ ಮೆದುಳು ಅಂದ್ರೆ ಪ್ರಾಣ. ಮ್ಯಾಥ್ಸ್ ಮಾತ್ರ ಆಗಲ್ಲ. ಅದಕ್ಕೇ ನ್ಯೂರೋಬಯಾಲಜಿಗೆ ಸೇರಿಸೋಣ ಅಂತ."

ಈ "ಅದಕ್ಕೇ" ಕೇಳಿದರೆ ನನಗೆ ತಲೆ ಕೆಡುತ್ತದೆ.

ನರರೋಗದ ಡಾಕ್ಟರ್ ಆಗಬೇಕು ಅನ್ನುವವರ ದಾರಿ ಬೇರೆ. ಎಂಬಿಬಿಎಸ್, ಎಂಡಿ, ಆಮೇಲೆ ಡಿಎಂ. ಅದನ್ನು ಬಿಡೋಣ.

ಇಲ್ಲಿಗೆ ಬರುವ ಹುಡುಗರಲ್ಲಿ ಕೆಲವರು ನಿಮ್ಹಾನ್ಸ್‌ನ ಮೆದುಳು ಮ್ಯೂಸಿಯಂ ನೋಡಿರುತ್ತಾರೆ. ಗ್ಲೌಸ್ ಹಾಕಿಕೊಂಡು ಮೆದುಳನ್ನು ಕೈಯಲ್ಲೇ ಹಿಡಿದಿರುತ್ತಾರೆ. ಆ ಖುಷಿ ನನಗೂ ಗೊತ್ತು. ಆದರೆ ಮೊದಲ ಸೆಮಿಸ್ಟರ್‌ಗಳಲ್ಲಿ ಎದುರಾಗುವುದು ಲಾಗರಿದಮ್ಮು. ನರಕೋಶ ಕೆಲಸ ಮಾಡುವುದು ಕರೆಂಟಿನಿಂದ. ಕರೆಂಟು ಅಂದಮೇಲೆ ಲೆಕ್ಕ ಬರಲೇಬೇಕಲ್ವಾ?

ಇಂಗ್ಲೆಂಡಿನ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಏನು ಮಾಡಿದರು ನೋಡಿ. ಸ್ಕ್ವಿಡ್‌ನಲ್ಲಿ, ನಮ್ಮ ಕರಾವಳಿಯವರ ಬೊಂಡಾಸ್‌ನಲ್ಲಿ, ಪೆನ್ ಪೆನ್ಸಿಲ್ಲಿನ ಲೆಡ್ಡಿನಷ್ಟು ದಪ್ಪದ ನರತಂತು ಇದೆ. ಅದರೊಳಗೇ ತಂತಿ ತೂರಿಸಿ ವೋಲ್ಟೇಜ್ ಅಳೆದರು. ಅಳೆದು ಸುಮ್ನಾಗಲಿಲ್ಲ. 1952ರಲ್ಲಿ ಅದಕ್ಕೆ ಡಿಫರೆನ್ಷಿಯಲ್ ಸಮೀಕರಣ ಬರೆದರು. ಹಕ್ಸ್‌ಲಿ ಅದನ್ನು ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ಬಿಡಿಸಿದರು. 1963ರಲ್ಲಿ ನೊಬೆಲ್ ಬಂತು. ಇವತ್ತಿಗೂ ಪಾಠ ಶುರುವಾಗುವುದು ಅಲ್ಲಿಂದಲೇ.

ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ 'ನ್ಯೂರೋಬಯಾಲಜಿ, ಫಿಸಿಯಾಲಜಿ ಅಂಡ್ ಬಿಹೇವಿಯರ್' ಅಂತಲೇ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಇದೆ. ಅಲ್ಲೂ ಕ್ಯಾಲ್ಕುಲಸ್, ಫಿಸಿಕ್ಸ್ ತಪ್ಪಿಸಿಕೊಳ್ಳುವ ಹಾಗಿಲ್ಲ. ನಮ್ಮ ಐಐಎಸ್‌ಸಿಯಲ್ಲಿ 2011ರಲ್ಲಿ ಶುರುವಾದ ನಾಲ್ಕು ವರ್ಷದ ಕೋರ್ಸಿನಲ್ಲಿ ಬಯಾಲಜಿ ಮೇಜರ್ ತೆಗೆದುಕೊಳ್ಳುವವರೂ ಮೊದಲು ಗಣಿತ, ಫಿಸಿಕ್ಸ್ ಓದಿಯೇ ಮುಂದೆ ಹೋಗಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಆ ವರ್ಷದ ಪ್ರಾಸ್ಪೆಕ್ಟಸ್ ನೋಡಿಕೊಳ್ಳಿ. ಆದರೆ ಪಿಸಿಎಂಬಿಯಲ್ಲಿ 'ಎಂ' ಇದ್ದದ್ದೇ ಒಳ್ಳೆಯದಾಯಿತು ಅಂತ ಮುಂದೆ ಅನ್ನಿಸುವ ಸಾಧ್ಯತೆಯೇ ಜಾಸ್ತಿ.

ಹಾಗಂತ ಗಣಿತದಲ್ಲಿ ನೂರಕ್ಕೆ ನೂರು ಬೇಕು ಅಂತಲ್ಲ. ಐವತ್ತು ತೆಗೆದವರೂ ಚೆನ್ನಾಗಿ ಓದಿದ್ದನ್ನು ಕಂಡಿದ್ದೇನೆ. ಹೆದರಿ ಓಡಬಾರದು, ಅಷ್ಟೆ.

ಹೋದ ವರ್ಷ ತುಮಕೂರು ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಬಾಯೇ ಬಿಡುತ್ತಿರಲಿಲ್ಲ, ಮಾತೆಲ್ಲ ಅಪ್ಪನದೇ. ನಾನು ಒಂದು ಹಾಳೆ ಕೊಟ್ಟೆ. "ನರಕೋಶದ ಒಳಗೆ ಪೊಟ್ಯಾಸಿಯಂ ಪ್ರಮಾಣ 140, ಹೊರಗೆ 5. ಭಾಗಿಸು. ಲಾಗ್ ತೆಗಿ. 61ರಿಂದ ಗುಣಿಸು. ಮುಂದೆ ಮೈನಸ್ ಹಾಕು." ಫೋನಿನಲ್ಲಿ ಒತ್ತಿದ. ಮೊದಲು 28, ಆಮೇಲೆ 1.447. ಕೊನೆಗೆ ಮೈನಸ್ 88 ಮಿಲಿವೋಲ್ಟ್ ಅಂತ ಬರೆದ.

"ಪೊಟ್ಯಾಸಿಯಂ ಒಂದೇ ಒಳಗೆ-ಹೊರಗೆ ಓಡಾಡುವ ಹಾಗಿದ್ದಿದ್ದರೆ ನರಕೋಶದ ವೋಲ್ಟೇಜ್ ಇಷ್ಟಿರಬೇಕಿತ್ತು ಕಣೋ," ಅಂದೆ. "ಆದರೆ ನಿಜವಾಗಿ ಅಳೆದರೆ ಮೈನಸ್ 70ರ ಆಸುಪಾಸು ಸಿಗುತ್ತದೆ."

ಅಪ್ಪ ಬಸ್ಸಿನ ಹೊತ್ತಾಯಿತು ಅಂತ ಎದ್ದು ನಿಂತರು. ಹುಡುಗ ಏಳಲಿಲ್ಲ. ಹಾಳೆಯನ್ನೇ ನೋಡುತ್ತಾ ಕೇಳಿದ:

"ಸಾರ್, ಹಂಗಾದ್ರೆ ಆ 18 ಎಲ್ಲಿ ಹೋಯ್ತು? ಇನ್ಯಾವುದೋ ಒಳಗೆ ಸೋರ್ತಿರಬೇಕಲ್ವಾ?"

ಸೋಡಿಯಂ ಅಂತ ನಾನು ಹೇಳಲಿಲ್ಲ. ಅಪ್ಪನಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗಿದೆ ಅಂತ ಕೇಳಿದೆ.