ಆಳದ ಮೀನಿಗೆ ಚಳಿಯೊಂದೇ ತೊಂದರೆಯಲ್ಲ

ಆಳ ಸಮುದ್ರದ ಮೀನಿನ ಜೀವಕೋಶ ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿದರೆ ನಮ್ಮ ವಿದ್ಯಾರ್ಥಿಗಳ ಉತ್ತರ ಸಿದ್ಧ. ಕೋಶದ ಪೊರೆಯಲ್ಲಿ ಅಪರ್ಯಾಪ್ತ ಕೊಬ್ಬು (ಎಣ್ಣೆಯ ಹಾಗೆ ಸುಲಭಕ್ಕೆ ಗಟ್ಟಿಯಾಗದ ಕೊಬ್ಬು) ಜಾಸ್ತಿ, ಅಷ್ಟೇ ಸರ್ ಅನ್ನುತ್ತಾರೆ. ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ.

ಚಳಿಗೆ ತುಪ್ಪ ಗಟ್ಟಿಯಾಗುವ ಹಾಗೆ ಪೊರೆಯ ಕೊಬ್ಬೂ ಬಿಗಿಯಾಗುತ್ತದೆ. ಒತ್ತಡ ಹೆಚ್ಚಾದರೂ ಅದೇ ಕಥೆ. ಅಪರ್ಯಾಪ್ತ ಕೊಬ್ಬಿನ ಬಾಲ ಸೊಟ್ಟಗಿರುವುದರಿಂದ ಒತ್ತೊತ್ತಾಗಿ ಕೂರುವುದಿಲ್ಲ, ಪೊರೆ ಸಡಿಲವಾಗಿ ಉಳಿಯುತ್ತದೆ. ಈಗ ಲೆಕ್ಕ ಹಾಕಿ. ಸಮುದ್ರಮಟ್ಟದಲ್ಲಿ ಗಾಳಿ ಹಾಕುವ ಒತ್ತಡವೇ ಒಂದು ವಾಯುಭಾರ. 1,000 ವಾಯುಭಾರದ ಒತ್ತಡ ಪೊರೆಗೆ ಸುಮಾರು 13ರಿಂದ 21 ಡಿಗ್ರಿ ಚಳಿ ಹೆಚ್ಚಾದಷ್ಟು. ಪ್ರತಿ 10 ಮೀಟರ್‌ಗೆ ಒಂದು ವಾಯುಭಾರ ಏರುತ್ತದೆ. ಅಂದರೆ 1,000 ಮೀಟರ್ ಆಳದಲ್ಲಿ ಒತ್ತಡದ ಪಾಲು ಬರೀ ಎರಡು ಡಿಗ್ರಿ ಆಸುಪಾಸು. ಇಷ್ಟಕ್ಕೇ ಹೆದರಬೇಕಾ?

ಬೇಕು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸೆಬಾಸ್ಟೊಲೋಬಸ್ ಎಂಬ ಕುಲದ ಎರಡು ಮೀನುಗಳಿವೆ. ಒಂದು ಕಡಿಮೆ ಆಳದ್ದು, ಇನ್ನೊಂದು ಹೆಚ್ಚು ಆಳದ್ದು. ಹತ್ತಿರದ ನೆಂಟರು, ನೀರಿನ ಚಳಿಯೂ ಹೆಚ್ಚುಕಡಿಮೆ ಒಂದೇ. ಗಾಳಿಚೀಲ ಇಲ್ಲದ್ದರಿಂದ ಮೇಲೆತ್ತುವಾಗ ಹೊಟ್ಟೆ ಉಬ್ಬುವ ತಾಪತ್ರಯವೂ ಇಲ್ಲ. ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. 1978ರಲ್ಲಿ ವಿಜ್ಞಾನಿಗಳಾದ ಜೋಸೆಫ್ ಸೀಬೆನಾಲರ್ ಮತ್ತು ಜಾರ್ಜ್ ಸೊಮೆರೊ ಇವುಗಳ ಸ್ನಾಯುವಿನ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನು (ಕೋಶದ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಪ್ರೋಟೀನು) ಒತ್ತಡದಲ್ಲಿ ಹೋಲಿಸಿದರು. ಮೇಲಿನ ಮೀನಿನದು ಏರುಪೇರಾಯಿತು, ಆಳದ್ದು ತಡೆದುಕೊಂಡಿತು. ಈ ಕಿಣ್ವ ಪೊರೆಯಲ್ಲಿ ಇರುವುದೇ ಇಲ್ಲ, ಗಮನಿಸಿ.

ಕಾರಣ ಗಾತ್ರ. ಪ್ರೋಟೀನು ಆಕಾರ ಬದಲಿಸಿದಾಗ ಅದೂ ಅದರ ಸುತ್ತ ಅಂಟಿಕೊಂಡ ನೀರೂ ಸೇರಿ ಹಿಡಿಯುವ ಜಾಗ ಸ್ವಲ್ಪ ಬದಲಾಗುತ್ತದೆ. ಜಾಗ ಹಿಗ್ಗುವ ಹಂತವನ್ನು ಒತ್ತಡ ತಡೆಯುತ್ತದೆ, ಕುಗ್ಗುವ ಹಂತಕ್ಕೆ ನೆರವಾಗುತ್ತದೆ.

ಕೋಶದ ಸಂದೇಶ ಅಂದರೆ ಇಂಥ ಹಂತಗಳ ಸರಪಳಿ. ಮಿದುಳಿನಲ್ಲಿ ಅಡೆನೋಸಿನ್ ಎಂಬ ಸಂದೇಶದ ಅಣು ಬಂದು ಪೊರೆಯ ಗ್ರಾಹಕಕ್ಕೆ, ಅಂದರೆ ಸಂದೇಶ ಹಿಡಿಯುವ ಪ್ರೋಟೀನಿಗೆ, ಕೂರುತ್ತದೆ. ಗ್ರಾಹಕ ಪಕ್ಕದ ಜಿ ಪ್ರೋಟೀನು ಎಂಬ ಮಧ್ಯವರ್ತಿಯನ್ನು ಎಬ್ಬಿಸುತ್ತದೆ. ಅದು ಅಡೆನಿಲಿಲ್ ಸೈಕ್ಲೇಸ್ ಕಿಣ್ವಕ್ಕೆ ಕಡಿವಾಣ ಹಾಕುತ್ತದೆ, ಆ ಕಿಣ್ವ ತಯಾರಿಸುವ, ಕೋಶದೊಳಗೆ ಸುದ್ದಿ ಒಯ್ಯುವ ಸೈಕ್ಲಿಕ್ ಎಎಂಪಿ ಎಂಬ ಅಣು ಕಡಿಮೆಯಾಗುತ್ತದೆ. ಮೂರು ಪ್ರೋಟೀನು ಒಂದನ್ನೊಂದು ಹಿಡಿದು ಬಿಡಬೇಕು, ಅದೂ ಬಿಗಿಯಾದ ಪೊರೆಯಲ್ಲಿ. ಸೀಬೆನಾಲರ್ ಮತ್ತು ಥಾಮಸ್ ಮರ್ರೆ ಬೇರೆ ಬೇರೆ ಆಳದ ಮೀನುಗಳ ಮಿದುಳಿನ ಪೊರೆಗಳ ಮೇಲೆ ಒತ್ತಡ ಹಾಕಿ ಇದನ್ನೇ ಅಳೆದರು. ಒತ್ತಡದ ಪೆಟ್ಟು ಎಲ್ಲ ಹಂತಕ್ಕೂ ಒಂದೇ ಸಮ ಬೀಳಲಿಲ್ಲ, ಎಲ್ಲ ಜಾತಿಗೂ ಒಂದೇ ಸಮ ಬೀಳಲಿಲ್ಲ. ಹಾಗಾಗಿ ‘ಪೊರೆ ಸಡಿಲ ಮಾಡಿದರಾಯಿತು’ ಅನ್ನುವ ವಿವರಣೆ ನನಗೆ ಸಾಲದು. ಪ್ರೋಟೀನುಗಳೂ ಬದಲಾಗಬೇಕು. (ಹೀಲಿಯಂ ಉಸಿರಾಡುತ್ತಾ 150 ಮೀಟರ್‌ಗಿಂತ ಕೆಳಗಿಳಿಯುವ ಮುಳುಗುಗಾರರ ಕೈ ನಡುಗುತ್ತದೆ. ನಮ್ಮ ನರಗಳಿಗೆ ಆ ಹೊಂದಾಣಿಕೆ ಇಲ್ಲ.)

ಇನ್ನೊಂದು ಉಪಾಯವೂ ಇದೆ. ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ಸಣ್ಣ ಅಣು ಪ್ರೋಟೀನುಗಳ ಆಕಾರ ಕೆಡದಂತೆ ಕಾಯುತ್ತದೆ. ಹಳಸಿದ ಮೀನಿನ ವಾಸನೆಗೆ ಮೂಲ ಇದೇ. ಆಳ ಹೆಚ್ಚಿದಂತೆ ಮೀನಿನ ಮೈಯಲ್ಲಿ ಇದೂ ಹೆಚ್ಚುತ್ತದೆ. ಸುಮಾರು 8,200 ಮೀಟರ್ ಹೊತ್ತಿಗೆ ಮೈಯ ದ್ರವ ಕಡಲ ನೀರಿನಷ್ಟೇ ಸಾಂದ್ರವಾಗುತ್ತದೆ ಅನ್ನುವುದು ಪಾಲ್ ಯಾನ್ಸಿ ಮತ್ತು ಸಂಗಡಿಗರ 2014ರ ಅಂದಾಜು. ಅದಕ್ಕೂ ಕೆಳಗೆ ಹೋದರೆ ನೀರು ಮೈಯೊಳಕ್ಕೆ ನುಗ್ಗತೊಡಗುತ್ತದೆ, ಹಾಗಾಗಿ ಮೀನು ಇಳಿಯಬಲ್ಲ ಆಳ ಸುಮಾರು ಅಷ್ಟೇ. 2022ರಲ್ಲಿ ಜಪಾನ್ ಬಳಿಯ ಇಜು-ಒಗಸವಾರ ಕಂದಕದಲ್ಲಿ ಕ್ಯಾಮೆರಾಕ್ಕೆ ಸಿಕ್ಕ ಸ್ನೇಲ್‌ಫಿಶ್ ಎಂಬ ಮೀನು ಇದ್ದದ್ದು 8,336 ಮೀಟರ್‌ನಲ್ಲಿ. ಅಂದಾಜು ಅಷ್ಟೇನೂ ತಪ್ಪಿಲ್ಲ.