ಸಿ ಎಲ್ಲಿ ಹಾಕಿದ್ರೇನು ಮೇಡಂ?

ಸೆಕೆಂಡ್ ಪಿಯು ಮಕ್ಕಳು ಪ್ರತಿ ವರ್ಷ ನನಗೆ ಕೇಳುವ ಪ್ರಶ್ನೆ ಇದು. ಲೀನಿಯರ್ ಡಿಫರೆನ್ಷಿಯಲ್ ಈಕ್ವೇಶನ್ ಬಿಡಿಸುವಾಗ ಐಎಫ್ (ಇಂಟಿಗ್ರೇಟಿಂಗ್ ಫ್ಯಾಕ್ಟರ್, ಅಂದರೆ ಇಂಟಿಗ್ರೇಟ್ ಮಾಡಲು ಸುಲಭವಾಗಲಿ ಅಂತ ಇಡೀ ಸಮೀಕರಣವನ್ನು ಗುಣಿಸುವ ಪದ) ಸರಿಯಾಗಿ ತೆಗೆಯುತ್ತಾರೆ. ಇಂಟಿಗ್ರೇಷನ್ ಸರಿ, ಐಎಫ್‌ನಿಂದ ಭಾಗಿಸುವುದೂ ಸರಿ. ಎಲ್ಲಾ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ 'ಪ್ಲಸ್ ಸಿ', ಅಂದರೆ ಇಂಟಿಗ್ರೇಷನ್‌ನಲ್ಲಿ ಬರುವ ಸ್ಥಿರಾಂಕ, ಅಂಟಿಸುತ್ತಾರೆ. ಅಲ್ಲೇ ಉತ್ತರ ಕೆಡುತ್ತದೆ.

"ಸಿ ಅಂದ್ರೆ ಯಾವುದೋ ಒಂದು ಸಂಖ್ಯೆ ತಾನೆ?" ಅನ್ನುತ್ತಾರೆ. ಹೌದು. ಅದನ್ನು 3ರಿಂದ ಭಾಗಿಸಿದರೂ ಯಾವುದೋ ಒಂದು ಸಂಖ್ಯೆಯೇ. ಅದನ್ನೂ ಸಿ ಅನ್ನಿ, ನನ್ನ ತಕರಾರಿಲ್ಲ. ಆದರೆ ಐಎಫ್ ಬರೀ ಸಂಖ್ಯೆ ಅಲ್ಲ, ಅದರೊಳಗೆ ಟಿ, ಅಂದರೆ ಸಮಯ, ಇದೆ. ಟಿ ಬದಲಾದ ಹಾಗೆ ಅದೂ ಬದಲಾಗುತ್ತದೆ. ಇಂಟಿಗ್ರೇಟ್ ಮಾಡಿದ ಸಾಲಿನಲ್ಲೇ ಸಿ ಬರೆದರೆ, ಭಾಗಿಸುವಾಗ ಅದಕ್ಕೂ ಪಾಲು ಬರುತ್ತದೆ.

ಹೋದ ವರ್ಷ ಒಬ್ಬಳು ಎಷ್ಟು ಹೇಳಿದರೂ ಒಪ್ಪಲಿಲ್ಲ. ಅವಳ ಮನೆಯಲ್ಲಿ ಬೋರ್‌ವೆಲ್ ನೀರು. ಅದನ್ನೇ ಲೆಕ್ಕ ಮಾಡಿದೆ. 1000 ಲೀಟರ್ ಟ್ಯಾಂಕ್ ತುಂಬಾ ಬೋರ್ ನೀರು, ಲೀಟರಿಗೆ 1 ಗ್ರಾಂ ಉಪ್ಪು ಅಂದುಕೋ. ನಿಮಿಷಕ್ಕೆ 10 ಲೀಟರ್ ಕಾವೇರಿ ನೀರು ಒಳಗೆ ಬರುತ್ತದೆ, ಅದರಲ್ಲಿ ಲೀಟರಿಗೆ 0.1 ಗ್ರಾಂ. ಬೆರೆತ ನೀರು ಅಷ್ಟೇ ವೇಗದಲ್ಲಿ ಹೊರಗೆ ಹೋಗುತ್ತದೆ. ಟಿ ನಿಮಿಷದ ಹೊತ್ತಿಗೆ ಟ್ಯಾಂಕಿನ ಉಪ್ಪು ವೈ ಗ್ರಾಂ ಆದರೆ, ನಿಮಿಷಕ್ಕೆ 1 ಗ್ರಾಂ ಒಳಗೆ ಬರುತ್ತದೆ, ವೈ/100 ಗ್ರಾಂ ಹೊರಗೆ ಹೋಗುತ್ತದೆ. ಹಾಗಾಗಿ ಡಿವೈ/ಡಿಟಿ + ವೈ/100 = 1. ಐಎಫ್, ಇ ಘಾತ ಟಿ/100.

ಅವಳ ಉತ್ತರ: ವೈ = 100 + ಸಿ. ಶುರುವಿನಲ್ಲಿ 1000 ಗ್ರಾಂ ಇತ್ತು, ಹಾಗಾಗಿ ಸಿ 900. ಅಂದರೆ ವೈ ಯಾವಾಗಲೂ 1000! "ಬೆಳಗ್ಗೆಯಿಂದ ಕಾವೇರಿ ನೀರು ಬಿಟ್ಟರೂ ಒಂದು ಗ್ರಾಂ ಉಪ್ಪೂ ಇಳಿಯಲಿಲ್ಲ, ಅಲ್ವಾ?" ಅಂದೆ. ಸ್ವಲ್ಪ ಹೊತ್ತು ಪುಸ್ತಕವನ್ನೇ ನೋಡುತ್ತಾ ಕೂತಳು. ಆಮೇಲೆ ತಾನೇ ಸಿ ಹೊಡೆದುಹಾಕಿ, ಮೇಲಿನ ಸಾಲಿಗೆ ಒಯ್ದು ಮತ್ತೆ ಭಾಗಿಸಿದಳು. ವೈ = 100 + 900 × ಇ ಘಾತ −ಟಿ/100. ಸುಮಾರು 69 ನಿಮಿಷಕ್ಕೆ ಆ 900 ಅರ್ಧಕ್ಕೆ ಇಳಿಯುತ್ತದೆ, ಟ್ಯಾಂಕಿನಲ್ಲಿ 550 ಗ್ರಾಂ ಉಳಿಯುತ್ತದೆ. ಅವಳ ಮುಖ ಅರಳಿದ್ದು ನೋಡಿ ನನಗೆ ಎಷ್ಟು ಖುಷಿಯಾಯಿತೋ!

ನಿಜವಾದ ಟ್ಯಾಂಕಿನಲ್ಲಿ ನೀರು ಇಷ್ಟು ಚೆನ್ನಾಗಿ ಬೆರೆಯುವುದಿಲ್ಲ. ಒಳಗೆ ಬರುವುದು, ಹೊರಗೆ ಹೋಗುವುದು ಹೆಚ್ಚುಕಮ್ಮಿಯಾದರೆ ಐಎಫ್ ಕೂಡ ಬೇರೆಯಾಗುತ್ತದೆ. ಆದರೆ ಸಿ ಬರೆಯುವ ಸಾಲು ಬದಲಾಗುವುದಿಲ್ಲ.

ಅನುಮಾನ ಬಂದರೆ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡಿ, ಜಾಸ್ತಿ ಹೊತ್ತು ಬೇಡ. 100 + ಸಿ ಹಾಕಿದರೆ ಎಡಗಡೆ 1 + ಸಿ/100 ಬರುತ್ತದೆ, ಬಲಗಡೆ ಇರುವುದು 1. ಸಿ ಸೊನ್ನೆಯಾದರೆ ಮಾತ್ರ ಎರಡೂ ಹೊಂದುತ್ತವೆ.